ಅನ್ನ ನೀರು ಬಿಟ್ಟು ಬದುಕಬಹುದೆಂಬ ನಂಬಿಕೆ: ನಮ್ಮ ಮನೆಯ ಹುಡುಗಿಗೆ ಏನೆಂದು ಹೇಳಲಿ?

ಕಾಗಿಣಾ ದಂಡೆ (ಸೇಡಂ ತಾಲ್ಲೂಕು)
ಎಲ್ಲರಿಗೂ ಶರಣು ಶರಣಾರ್ಥಿ. ಮನೆಯ ವಿಷಯವನ್ನು ಹೀಗೆ ಹೊರಗೆ ಹೇಳಿಕೊಳ್ಳುವುದಕ್ಕೆ ಸಂಕೋಚವಾಗುತ್ತದೆಯಾದರೂ ಬೇರೆ ದಾರಿ ಕಾಣದೆ ಬರೆಯುತ್ತಿದ್ದೇನೆ. ನನ್ನ ಅಣ್ಣನ ಮಗಳಿಗೆ 19 ವರ್ಷ. ಕಲಬುರಗಿಯಲ್ಲಿ ಬಿಎಸ್ಸಿ ಓದುತ್ತಾಳೆ. ಏಳು ವಾರಗಳ ಹಿಂದೆ ರಾತ್ರಿಯ ಊಟ ಬಿಟ್ಟಳು. ಆಮೇಲೆ ರೊಟ್ಟಿ, ಅನ್ನ, ಬೇಳೆ ಎಲ್ಲವನ್ನೂ ಒಂದೊಂದಾಗಿ ಬಿಡುತ್ತ ಬಂದು, ಈಗ ದಿನಕ್ಕೆ ನಾಲ್ಕು ಖರ್ಜೂರ ಮತ್ತು ಒಂದು ಲೋಟ ಲಿಂಬು ನೀರಿನ ಮೇಲೆ ನಿಂತಿದ್ದಾಳೆ. ಬೆಳಗ್ಗೆ ಮಾಳಿಗೆ ಹತ್ತಿ ಉದಯಸೂರ್ಯನನ್ನು ನೆಟ್ಟ ಕಣ್ಣಿನಿಂದ ನೋಡುತ್ತಾಳೆ. ಸೂರ್ಯನ ಶಕ್ತಿಯಿಂದಲೇ ದೇಹ ನಡೆಯುತ್ತದೆ ಎಂದು ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ಕೇಳಿದ್ದಾಳೆ.

ನಮ್ಮವ್ವ ಯಾನಾಗುಂದಿಯ ಮಾತಾ ಮಾಣಿಕೇಶ್ವರಿ ಅಮ್ಮನವರ ಭಕ್ತೆ. ಶಿವರಾತ್ರಿಗೆ, ಗುರುಪೂರ್ಣಿಮೆಗೆ ಬೆಟ್ಟಕ್ಕೆ ಹೋಗಿ ದರ್ಶನ ಪಡೆದು ಬಂದವಳು. ಅಮ್ಮನವರು ಅನ್ನ ನೀರು ಇಲ್ಲದೆ ದಶಕಗಳ ಕಾಲ ಇದ್ದರು ಎಂಬ ಮಾತನ್ನು ಕೇಳುತ್ತಲೇ ನಾವೆಲ್ಲ ಬೆಳೆದವರು. ಈಗ ಹುಡುಗಿ, “ಅಮ್ಮ ಇದ್ದರಲ್ಲ, ನಾನೇಕೆ ಇರಬಾರದು, ಅತ್ತಿ?” ಎಂದು ಕೇಳುತ್ತಾಳೆ. ಅಣ್ಣ ಸಿಟ್ಟಿನಲ್ಲಿ ಅದೆಲ್ಲ ಸುಳ್ಳು ಎಂದು ಬೈದ. ಅವ್ವ ಅದನ್ನು ಅಮ್ಮನವರಿಗಾದ ಅವಮಾನ ಎಂದು ತಿಳಿದು ತಾನೂ ಎರಡು ದಿನ ಉಂಡಿಲ್ಲ. ಅವ್ವನ ಭಕ್ತಿಗೆ ನೋವಾಗದಂತೆ ಈ ಮಗುವನ್ನು ಊಟಕ್ಕೆ ಕರೆತರುವುದು ಹೇಗೆ?

ಬೀದರಿನ ವೈದ್ಯೆ
ತಂಗಿ, ಉಳಿದದ್ದು ಆಮೇಲೆ. ಆಕೆ ದಿನಕ್ಕೆ ಒಟ್ಟು ಎಷ್ಟು ನೀರು ಕುಡಿಯುತ್ತಾಳೆ, ಎದ್ದು ನಿಂತಾಗ ತಲೆ ತಿರುಗುತ್ತದೆಯೇ, ತಿಂಗಳ ಮುಟ್ಟು ಸರಿಯಾಗಿ ಆಗುತ್ತಿದೆಯೇ, ತೂಕ ಎಷ್ಟು ಇಳಿದಿದೆ ಎಂಬುದನ್ನು ಮೊದಲು ತಿಳಿಸಿರಿ.

ಕಾಗಿಣಾ ದಂಡೆ
ಡಾಕ್ಟರ್ ಅಕ್ಕನವರೇ, ನೀರು ಮೂರು ನಾಲ್ಕು ಲೋಟ ಕುಡಿಯುತ್ತಾಳೆ. ತಲೆ ತಿರುಗುತ್ತದೆ, ಸೆಕೆಯಲ್ಲಿಯೂ ಕೈಕಾಲು ತಣ್ಣಗಿರುತ್ತವೆ. ಹೋದ ತಿಂಗಳು ಮುಟ್ಟಾಗಿಲ್ಲ ಎಂದು ಆಕೆಯ ತಾಯಿ ಹೇಳಿದಳು. ಮೊದಲು 51 ಕಿಲೋ ಇದ್ದವಳು ಈಗ 42ಕ್ಕೆ ಬಂದಿದ್ದಾಳೆ.

ಶಹಾಪುರದವ
ನಿಮ್ಮ ಅಣ್ಣನವರು ಸಿಟ್ಟಿನಲ್ಲಿ ಹೇಳಿದ್ದನ್ನೇ ನಾನು ಆಧಾರಗಳೊಂದಿಗೆ ಹೇಳುತ್ತೇನೆ. ಗುಜರಾತಿನ ಅಂಬಾಜಿಯ ಪ್ರಹ್ಲಾದ ಜಾನಿ ಎಂಬ ಸಾಧು ಬಾಲ್ಯದಿಂದಲೂ ಅನ್ನ ನೀರು ಮುಟ್ಟಿಲ್ಲ ಎಂದು ಹೇಳಿಕೊಂಡಿದ್ದರು. ಅವರನ್ನು ಅಹಮದಾಬಾದಿನ ಆಸ್ಪತ್ರೆಯೊಂದರಲ್ಲಿ 2003ರಲ್ಲಿ 10 ದಿನ, 2010ರಲ್ಲಿ 15 ದಿನ ಇರಿಸಿ ನೋಡಿದರು. ಎರಡನೆಯ ಸಲ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆಯೂ ಅದರಲ್ಲಿ ಸೇರಿತ್ತು. ಏನನ್ನೂ ಸೇವಿಸಲಿಲ್ಲ ಎಂದು ವೈದ್ಯರ ತಂಡ ಹೇಳಿತು. ಪತ್ರಿಕೆಗಳು ಅಷ್ಟನ್ನೇ ದೊಡ್ಡದಾಗಿ ಬರೆದವು. ಆದರೆ ಅವರಿಗೆ ಬಾಯಿ ಮುಕ್ಕಳಿಸಲು ಮತ್ತು ಸ್ನಾನ ಮಾಡಲು ನೀರು ಕೊಡಲಾಗಿತ್ತು, ಕ್ಯಾಮೆರಾದ ಕಣ್ಣಿನಿಂದ ಆಚೆ ಹೋಗುವುದಕ್ಕೂ ಅವಕಾಶವಿತ್ತು ಎಂದು ವಿಚಾರವಾದಿ ಸನಲ್ ಎಡಮರುಕು ಆಗಲೇ ಎತ್ತಿ ತೋರಿಸಿದರು. ಹದಿನೈದು ದಿನಗಳ ನೋಟದಿಂದ ಎಪ್ಪತ್ತು ವರ್ಷಗಳ ಮಾತು ಹೇಗೆ ಸಾಬೀತಾಗುತ್ತದೆ? ಅವರು 2020ರ ಮೇ ತಿಂಗಳಲ್ಲಿ ತೀರಿಕೊಂಡರು, ಮಾತು ಮಾತ್ರ ಹಾಗೆಯೇ ಉಳಿಯಿತು.

ಇದಕ್ಕಿಂತ ಸ್ಪಷ್ಟವಾದ ಪ್ರಸಂಗ ಆಸ್ಟ್ರೇಲಿಯಾದ ಜಸ್ಮುಹೀನ್ ಎಂಬ ಮಹಿಳೆಯದು. ಗಾಳಿ ಬೆಳಕುಗಳಿಂದಲೇ ಬದುಕುತ್ತೇನೆ ಎಂದು ಬೋಧಿಸುತ್ತಿದ್ದ ಆಕೆಯನ್ನು 1999ರಲ್ಲಿ ಅಲ್ಲಿನ ದೂರದರ್ಶನದವರು ಕಾವಲಿನಲ್ಲಿಟ್ಟರು. ಎರಡು ದಿನಗಳೊಳಗೆ ನಿರ್ಜಲೀಕರಣದ ಲಕ್ಷಣಗಳು ಕಾಣಿಸಿಕೊಂಡವು. ಊರಿನ ಗಾಳಿ ಕೆಟ್ಟಿದೆ ಎಂದದ್ದಕ್ಕೆ ಬೆಟ್ಟದ ಕಡೆಗೂ ಕರೆದೊಯ್ದರು. ನಾಲ್ಕನೆಯ ದಿನ ಮೂತ್ರಪಿಂಡಕ್ಕೆ ಅಪಾಯವೆಂದು ವೈದ್ಯರು ಪರೀಕ್ಷೆಯನ್ನು ನಿಲ್ಲಿಸಿದರು. ಆಕೆಯ ಬೋಧನೆಯನ್ನು ಅನುಸರಿಸಿದವರಲ್ಲಿ ಕೆಲವರು ಪ್ರಾಣ ಕಳೆದುಕೊಂಡಿದ್ದಾರೆ. ನಿಮ್ಮ ಹುಡುಗಿ ನೋಡುತ್ತಿರುವ ವಿಡಿಯೊಗಳ ಬೇರು ಇಂಥವರಲ್ಲಿದೆ, ಯಾನಾಗುಂದಿಯಲ್ಲಿಲ್ಲ.

ಬೆಟ್ಟದ ಭಕ್ತ, ಸೇಡಂ
ಶಹಾಪುರದ ಅಣ್ಣಾವ್ರೇ, ಎಲ್ಲಿಯೋ ಇರುವ ಒಬ್ಬಾಕೆಯ ಹೆಸರನ್ನು ನಮ್ಮ ಅಮ್ಮನವರ ಪಕ್ಕದಲ್ಲಿ ಇಟ್ಟು ಬರೆಯುವಾಗ ಸ್ವಲ್ಪ ಯೋಚಿಸಬೇಕಿತ್ತು. ನಾನು ಮೂವತ್ತು ವರ್ಷ ಆ ಬೆಟ್ಟ ಹತ್ತಿದ್ದೇನೆ. ಕರ್ನಾಟಕ, ತೆಲಂಗಾಣ, ಮಹಾರಾಷ್ಟ್ರಗಳಿಂದ ಬಂದ ಜನ ಬಿಸಿಲಿನಲ್ಲಿ ಗಂಟೆಗಟ್ಟಲೆ ಕಾದು ನಿಂತದ್ದನ್ನು ಕಂಡಿದ್ದೇನೆ. ಅಹಿಂಸೆಯ ಮಾತನ್ನು ಕೇಳಿ ನನ್ನ ತಂದೆ ಮನೆದೇವರಿಗೆ ಕುರಿ ಕಡಿಯುವುದನ್ನು ನಿಲ್ಲಿಸಿದರು. 2020ರ ಮಾರ್ಚಿನಲ್ಲಿ ಅಮ್ಮನವರು ಲಿಂಗೈಕ್ಯರಾದಾಗ ನಮ್ಮ ಓಣಿಯಲ್ಲಿ ಒಲೆ ಹೊತ್ತಿಸಿದವರು ಕಡಿಮೆ. ಅವರು ಉಂಡದ್ದನ್ನು ನಾನಂತೂ ಕಂಡಿಲ್ಲ, ಕಂಡೆನೆಂದು ಹೇಳಿದವರನ್ನೂ ಕಾಣೆ. ಅಳತೆಗೋಲು ಹಿಡಿದು ನೋಡುವ ವಿಷಯ ಇದಲ್ಲ.

ಶಹಾಪುರದವ
ಕಾಕಾ, ನಿಮ್ಮ ಭಕ್ತಿಯನ್ನು ನಾನು ಕೆಣಕುತ್ತಿಲ್ಲ. ದರ್ಶನಕ್ಕೆ ಹೋದವರು ನೋಡುವುದು ದರ್ಶನದ ಹೊತ್ತನ್ನು ಮಾತ್ರ. ಕಂಡಿಲ್ಲ ಎಂಬುದು ಒಂದು, ಬಿಡದೆ ಕಾದು ನೋಡಿಯೂ ಕಾಣಲಿಲ್ಲ ಎಂಬುದು ಇನ್ನೊಂದು. ಆ ವ್ಯತ್ಯಾಸವನ್ನು ಬಿಟ್ಟುಕೊಡಲು ನನ್ನಿಂದಾಗದು, ಏಕೆಂದರೆ ಇಲ್ಲಿ 42 ಕಿಲೋ ತೂಕದ ಒಬ್ಬ ಹುಡುಗಿ ಇದ್ದಾಳೆ.

ಬೀದರಿನ ವೈದ್ಯೆ
ಮಾಹಿತಿ ನೋಡಿದೆ. ಏಳು ವಾರಗಳಲ್ಲಿ 9 ಕಿಲೋ ಎಂದರೆ ಮೊದಲಿದ್ದ ತೂಕದ ಆರನೆಯ ಒಂದು ಪಾಲಿಗಿಂತ ಹೆಚ್ಚು. ಇದು ಮನೆಯಲ್ಲಿ ಬುದ್ಧಿ ಹೇಳಿ ಕಾಯುವ ಹಂತವನ್ನು ದಾಟಿದೆ. ನಾಳೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ.

ಒಳಗೆ ಏನಾಗುತ್ತಿದೆ ಎಂಬುದನ್ನು ಆಕೆಗೇ ಓದಿ ತೋರಿಸಲು ಅನುಕೂಲವಾಗಲೆಂದು ಬರೆಯುತ್ತೇನೆ. ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯ ಸಂಗ್ರಹ ಹೆಚ್ಚುಕಡಿಮೆ ಒಂದು ದಿನಕ್ಕೆ ಮುಗಿಯುತ್ತದೆ. ಆಮೇಲೆ ದೇಹ ಕೊಬ್ಬನ್ನು ಕರಗಿಸುತ್ತದೆ, ಮಿದುಳು ಆ ಕೊಬ್ಬಿನಿಂದಾಗುವ ಕೀಟೋನ್‌ಗಳನ್ನು ಉರಿಸಲು ಕಲಿಯುತ್ತದೆ, ಹಸಿವು ಮಂದವಾಗುತ್ತದೆ. ಮನಸ್ಸು ತಿಳಿಯಾಯಿತು, ಹಗುರವಾಯಿತು ಎಂದು ಅನೇಕರು ಹೇಳುವುದು ಈ ಹಂತದಲ್ಲಿ. ಸಿದ್ಧಿಯಾಯಿತೆಂದು ಆಕೆ ತಿಳಿದಿದ್ದರೆ ಅದಕ್ಕೆ ಕಾರಣ ಇದೇ ಇರಬಹುದು. ಆದರೆ ಅದೇ ಹೊತ್ತಿನಲ್ಲಿ ಸ್ನಾಯುಗಳೂ ಕರಗುತ್ತಿರುತ್ತವೆ, ಹೃದಯವೂ ಒಂದು ಸ್ನಾಯು.

ಈಗ ಹೇಳುವ ಮಾತನ್ನು ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ತಿಳಿಸಿರಿ. ಆಕೆ ಒಪ್ಪಿದಳೆಂಬ ಸಂತೋಷದಲ್ಲಿ ಹೋಳಿಗೆ, ತುಪ್ಪ, ಅನ್ನ ಬಡಿಸಿ ಹೊಟ್ಟೆ ತುಂಬ ತಿನ್ನಿಸಬೇಡಿರಿ. ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ಪಿಷ್ಟ ಹೋದರೆ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ತಟ್ಟನೆ ಕುಸಿದು ಹೃದಯದ ಬಡಿತ ತಪ್ಪಬಹುದು. ಉಪವಾಸದಲ್ಲಿ ಉಳಿದವರು ಊಟದಲ್ಲಿ ಸತ್ತದ್ದಿದೆ. ರಕ್ತ ಪರೀಕ್ಷೆ ಮಾಡಿಸಿ, ಬಿ1 ಜೀವಸತ್ವ ಕೊಟ್ಟು, ವೈದ್ಯರು ಹೇಳಿದ ಅಳತೆಯಲ್ಲಿ ಸ್ವಲ್ಪಸ್ವಲ್ಪವೇ ಆರಂಭಿಸಬೇಕು. ಇದರ ಹಿಂದೆ ಮನಸ್ಸಿನ ತೊಂದರೆಯೂ ಇರಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ.

ಆಳಂದದ ಮಾಸ್ತರ್
ಡಾಕ್ಟರ್ ಅವರ ಮಾತೇ ಮುಂದಿರಲಿ. ಹುಡುಗಿ ಧರ್ಮದ ಹೆಸರಿನಲ್ಲಿ ವಾದಿಸುತ್ತಿರುವುದರಿಂದ ಧರ್ಮಗ್ರಂಥಗಳಲ್ಲಿರುವುದನ್ನೂ ಆಕೆಗೆ ತಿಳಿಸಬೇಕು. ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕನು ತನ್ನ ಮಗ ಶ್ವೇತಕೇತುವಿಗೆ ಹದಿನೈದು ದಿನ ಊಟ ಬಿಡು, ನೀರು ಮಾತ್ರ ಬೇಕಾದಷ್ಟು ಕುಡಿ ಎನ್ನುತ್ತಾನೆ. ಹದಿನಾರನೆಯ ದಿನ ವೇದಮಂತ್ರಗಳನ್ನು ಹೇಳೆಂದರೆ ಹನ್ನೆರಡು ವರ್ಷ ಓದಿದವನಿಗೆ ಒಂದೂ ನೆನಪಾಗುವುದಿಲ್ಲ. ತಂದೆ ಊಟ ಮಾಡಿಸುತ್ತಾನೆ, ಎಲ್ಲವೂ ಮರಳಿ ಬರುತ್ತದೆ. ಮನಸ್ಸು ಅನ್ನದಿಂದಾದದ್ದು, ಪ್ರಾಣ ನೀರಿನಿಂದಾದದ್ದು ಎಂಬುದು ಆ ಪಾಠ. ನೀರನ್ನು ಬಿಡಿಸಲಿಲ್ಲ ಎಂಬುದನ್ನು ಗಮನಿಸಿರಿ. ಬಿಡಿಸಿದ್ದರೆ ಹದಿನಾರನೆಯ ದಿನ ಪ್ರಶ್ನೆ ಕೇಳಲು ಮಗನೇ ಇರುತ್ತಿರಲಿಲ್ಲ. ಗೀತೆಯ ಆರನೆಯ ಅಧ್ಯಾಯವೂ ಅತಿಯಾಗಿ ಉಣ್ಣುವವನಿಗೆ ಹೇಗೋ ಹಾಗೆಯೇ ಏನೂ ಉಣ್ಣದವನಿಗೂ ಯೋಗ ಕೂಡುವುದಿಲ್ಲ ಎಂದು ಬಿಡಿಸಿ ಹೇಳಿದೆ.

ಬಸವಕಲ್ಯಾಣ
ಮಾಸ್ತರರೇ, ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಶರಣರು ಕಾಯಕ ಮತ್ತು ದಾಸೋಹಗಳನ್ನು ಮುಂದಿಟ್ಟರೇ ಹೊರತು ಹೊಟ್ಟೆ ಒಣಗಿಸುವುದನ್ನಲ್ಲ. ಎಲ್ಲವನ್ನೂ ತೊರೆದು ಹೊರಟ ಅಕ್ಕಮಹಾದೇವಿಯೇ ಹಸಿವಾದರೆ ಊರಿನಲ್ಲಿ ಭಿಕ್ಷೆಯುಂಟು, ಬಾಯಾರಿದರೆ ಕೆರೆ ಬಾವಿಗಳುಂಟು ಎಂದಳು. ಹಸಿವೇ ಆಗುವುದಿಲ್ಲ ಎಂದು ಆಕೆ ಹೇಳಿಕೊಳ್ಳಲಿಲ್ಲ. ಕಲಬುರಗಿಯ ಶರಣಬಸವೇಶ್ವರರನ್ನು ನಾವು ನೆನೆಯುವುದೂ ಅವರು ಉಣ್ಣಿಸಿದ್ದಕ್ಕೆ.

ಖ್ವಾಜಾ ಬಜಾರ್
ಅಕ್ಕಾ, ನಮ್ಮಲ್ಲಿಯೂ ಇದೇ ಕ್ರಮ. ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ರಂಜಾನ್ ಬಂದ ವರ್ಷಗಳಲ್ಲಿ ಒಂದು ಹನಿ ನೀರಿಲ್ಲದೆ ಸಂಜೆಯವರೆಗೆ ಇದ್ದಿದ್ದೇನೆ. ಸಂಜೆ ಖರ್ಜೂರ, ನೀರು, ಮುಂಜಾನೆ ಸಹರಿ ಇರುವುದರಿಂದಲೇ ಮೂವತ್ತು ರೋಜಾಗಳು ಸಾಗುತ್ತವೆ. ಇಫ್ತಾರ್ ಇಲ್ಲದೆ ದಿನದ ಮೇಲೆ ದಿನ ಸೇರಿಸಿ ಉಪವಾಸ ಮಾಡುವುದಕ್ಕೆ ವಿಸಾಲ್ ಎನ್ನುತ್ತಾರೆ. ಅದನ್ನು ಪ್ರವಾದಿಯವರು ತಮ್ಮ ಅನುಯಾಯಿಗಳಿಗೆ ಬೇಡವೆಂದರು. ಅವರು ಸ್ವತಃ ಹಾಗೆ ಇರುತ್ತಿದ್ದರಲ್ಲ ಎಂದು ಸಂಗಡಿಗರು ಕೇಳಿದಾಗ, ನಾನು ನಿಮ್ಮಂತೆ ಅಲ್ಲ ಎಂಬ ಅರ್ಥದ ಉತ್ತರ ಬಂದಿತೆಂದು ಹದೀಸಿನಲ್ಲಿದೆ. ನಿಮ್ಮ ಹುಡುಗಿ ಕೇಳುತ್ತಿರುವ ಪ್ರಶ್ನೆ ಅದೇ ಅಲ್ಲವೇ?

ಕಾಗಿಣಾ ದಂಡೆ
ಹೌದು ಅಣ್ಣಾ, ಅಕ್ಷರಶಃ ಅದೇ ಪ್ರಶ್ನೆ. ಇದನ್ನು ಅವ್ವನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿಕೊಂಡಳು.

ಬೆಟ್ಟದ ಭಕ್ತ, ಸೇಡಂ
ಶಾಸ್ತ್ರದ ಮಾತು ಬಂದದ್ದಕ್ಕೆ ನಾನೂ ಹೇಳಲೇಬೇಕು. ಮಳಖೇಡದ ಕಡೆಯ ಜೈನರಲ್ಲಿ ಸಲ್ಲೇಖನ ಇಲ್ಲವೇ? ತಿಂಗಳುಗಟ್ಟಲೆ ಉಪವಾಸ ಮಾಡುವವರು ಇಂದಿಗೂ ಇದ್ದಾರಲ್ಲ?

ಮಳಖೇಡದ ಬಸದಿ ಓಣಿ
ಕಾಕಾ, ಸಲ್ಲೇಖನವನ್ನು ಈ ಸಾಲಿಗೆ ಸೇರಿಸುವುದು ದೊಡ್ಡ ತಪ್ಪು ತಿಳಿವಳಿಕೆ. ನಮ್ಮೂರು ರಾಷ್ಟ್ರಕೂಟರ ಮಾನ್ಯಖೇಟ. ಆ ವಂಶದ ಕೊನೆಯ ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದ ದೇಹ ಬಿಟ್ಟನು. ‘ದೇಹ ಬಿಟ್ಟನು’ ಎಂಬ ಮಾತನ್ನು ಗಮನಿಸಿರಿ. ಆಹಾರ ಬಿಟ್ಟರೆ ದೇಹ ಬೀಳುತ್ತದೆ ಎಂಬುದನ್ನು ಪೂರ್ತಿ ಒಪ್ಪಿಕೊಂಡ ಮೇಲೆಯೇ ಸಲ್ಲೇಖನಕ್ಕೆ ಅರ್ಥ. ಆಹಾರವಿಲ್ಲದೆ ಬದುಕಬಹುದು ಎಂಬ ಹೇಳಿಕೆಗೆ ಅದು ನೇರ ವಿರುದ್ಧ. ಮುಪ್ಪು, ವಾಸಿಯಾಗದ ರೋಗ, ತಪ್ಪಿಸಲಾಗದ ಬರಗಾಲಗಳಂಥ ಸಂದರ್ಭಗಳನ್ನು ಅದಕ್ಕೆ ಹೇಳಿದೆ. ಹತ್ತೊಂಬತ್ತು ವರ್ಷದ ಮಗುವಿಗೆ ಅದನ್ನು ಹೇಳಿಲ್ಲ. ಅದರ ಬಗ್ಗೆಯೂ ನಮ್ಮಲ್ಲಿ ಚರ್ಚೆ ಮುಗಿದಿಲ್ಲ. ರಾಜಸ್ಥಾನದ ಹೈಕೋರ್ಟ್ 2015ರ ಆಗಸ್ಟಿನಲ್ಲಿ ಅದನ್ನು ಆತ್ಮಹತ್ಯೆಗೆ ಸಮವೆಂದಿತು, ಅದೇ ತಿಂಗಳ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು.

ಉಳಿದ ನಮ್ಮ ಉಪವಾಸಗಳಲ್ಲಿ ಕಾಯಿಸಿ ಆರಿಸಿದ ನೀರು ಕುಡಿಯುವ ಕ್ರಮವಿದೆ, ಕೊನೆಯಲ್ಲಿ ಪಾರಣೆಯಿದೆ. ಪಾರಣೆಯಾಗದ ಉಪವಾಸ ಮುಗಿದ ಲೆಕ್ಕಕ್ಕೆ ಬರುವುದಿಲ್ಲ. ಇಷ್ಟಿದ್ದೂ ಹೈದರಾಬಾದಿನಲ್ಲಿ 2016ರಲ್ಲಿ 68 ದಿನ ಉಪವಾಸ ಮಾಡಿದ 13 ವರ್ಷದ ಬಾಲಕಿ ತೀರಿಕೊಂಡಳು. ಪಾರಣೆಯಾಗಿ ಎರಡು ಮೂರು ದಿನ ಕಳೆದಿರಲಿಲ್ಲ. ಡಾಕ್ಟರ್ ಅವರು ಊಟದ ವಿಷಯದಲ್ಲಿ ಕೊಟ್ಟ ಎಚ್ಚರಿಕೆಯನ್ನು ಓದುವಾಗ ನನಗೆ ಆ ಮಗುವೇ ನೆನಪಾಯಿತು. ಆಗ ನಮ್ಮ ಸಮಾಜದಲ್ಲಿ ಎಷ್ಟೋ ಮಂದಿ ಹೆಮ್ಮೆಯಿಂದ ಮಾತನಾಡಿದರು. ನಾನೂ ಎದ್ದು ಬೇಡವೆನ್ನಲಿಲ್ಲ. ಅದು ಇಂದಿಗೂ ನನ್ನನ್ನು ಕಾಡುತ್ತದೆ.

ಸನ್ನತಿ ದಾರಿ, ಚಿತ್ತಾಪುರ
ನಾನು ಈ ಹುಡುಗಿಯ ವಯಸ್ಸಿನಲ್ಲಿ ಹಾಸ್ಟೆಲಿನಲ್ಲಿ ಹೀಗೆಯೇ ಊಟ ಬಿಟ್ಟಿದ್ದೆ. ಸೋಮವಾರ, ಗುರುವಾರ, ಶನಿವಾರ ಎಂದು ವ್ರತಗಳ ಹೆಸರು ಹೇಳುತ್ತಿದ್ದೆ. ವ್ರತವೆಂದರೆ ಯಾರೂ ಪ್ರಶ್ನಿಸುವುದಿಲ್ಲ ಎಂಬುದು ನನಗೆ ಬೇಗ ತಿಳಿಯಿತು. ಒಳಗಿದ್ದದ್ದು ಬೇರೆ. ಓದು ಕೈತಪ್ಪಿತ್ತು, ಮನೆಯಲ್ಲಿ ಮದುವೆಯ ಮಾತು ನಡೆದಿತ್ತು, ನನ್ನ ಕೈಯಲ್ಲಿ ಉಳಿದದ್ದು ನನ್ನ ತಟ್ಟೆಯೊಂದೇ ಅನ್ನಿಸುತ್ತಿತ್ತು. ಜಗಲಿಯ ಮೇಲೆ ಕೂತಿದ್ದಾಗ ನಮ್ಮ ಚಿಕ್ಕಮ್ಮ, “ಏನಾಗಿದೆ ನಿನಗೆ?” ಎಂದು ಕೇಳಿದಳು. ಏಕೆ ಉಣ್ಣುವುದಿಲ್ಲ ಎಂದು ಕೇಳಲಿಲ್ಲ. ಆ ದಿನ ಅತ್ತುಬಿಟ್ಟೆ. ಸರಿಹೋಗಲು ಒಂದು ವರ್ಷ ಹಿಡಿಯಿತು.

ಸನ್ನತಿಯ ಹತ್ತಿರದ ಕನಗನಹಳ್ಳಿಯ ಸ್ತೂಪಕ್ಕೆ ಆಕೆಯನ್ನು ಯಾವಾಗಲಾದರೂ ಕರೆತನ್ನಿ, ನಾನೇ ತೋರಿಸುತ್ತೇನೆ. ಸಿದ್ಧಾರ್ಥನು ಆರು ವರ್ಷ ದೇಹವನ್ನು ದಂಡಿಸಿ, ಎಲುಬಿನ ಹಂದರವಾಗಿ, ಕೊನೆಗೆ ಸುಜಾತೆ ತಂದ ಹಾಲಿನ ಪಾಯಸವನ್ನು ಉಂಡನು. ಜೊತೆಗಿದ್ದ ಐವರು ಅವನನ್ನು ಕೆಟ್ಟನೆಂದು ಬಿಟ್ಟುಹೋದರು. ಬೋಧಿಯಾದದ್ದು ಉಂಡ ಮೇಲೆ.

ಶಹಾಪುರದವ
ತಂಗಿಯ ಮಾತು ಓದಿದ ಮೇಲೆ ನನ್ನ ಮೊದಲ ಬರಹ ಒರಟಾಯಿತು ಅನ್ನಿಸಿದೆ. ಆದರೂ ಆಕೆ ವಿಜ್ಞಾನದ ವಿದ್ಯಾರ್ಥಿನಿಯಾದ್ದರಿಂದ ಒಂದು ಲೆಕ್ಕ ಕೊಡುತ್ತೇನೆ, ತಾನೇ ಮಾಡಿ ನೋಡಲಿ. ನಡುಹಗಲ ಸೂರ್ಯನ ಶಕ್ತಿ ಚದರ ಮೀಟರಿಗೆ ಸುಮಾರು 1,000 ವಾಟ್. ನಮ್ಮ ಚರ್ಮದಲ್ಲಿ ಹಸಿರು ಎಲೆಯಲ್ಲಿರುವ ಪತ್ರಹರಿತ್ತು ಇಲ್ಲ. ಇದೆಯೆಂದೇ ಇಟ್ಟುಕೊಳ್ಳೋಣ. ಬೆಳಕಿಗೆ ಒಡ್ಡಿದ ಮೈ 0.8 ಚದರ ಮೀಟರ್, ಎಲೆಯಂತೆ ನೂರಕ್ಕೆ ಒಂದು ಪಾಲು ಶಕ್ತಿ ಹಿಡಿಯಿತು, ಎಂಟು ಗಂಟೆ ಅದೇ ಬಿಸಿಲಿನಲ್ಲಿ ನಿಂತಳು ಎಂದರೂ ದೊರೆಯುವುದು 55 ಕಿಲೋಕ್ಯಾಲೊರಿ. ಒಂದು ಜೋಳದ ರೊಟ್ಟಿಯ ಮೂರನೆಯ ಒಂದು ಭಾಗ. ಸುಮ್ಮನೆ ಮಲಗಿದ್ದರೂ ದೇಹಕ್ಕೆ ದಿನಕ್ಕೆ ಸಾವಿರದ ಮೇಲೆ ಬೇಕು. ಸೂರ್ಯನನ್ನು ನೇರವಾಗಿ ನೋಡುವುದರಿಂದ ಕಣ್ಣಿನ ಅಕ್ಷಿಪಟ ಸುಡುತ್ತದೆ, ನೋವೂ ಗೊತ್ತಾಗುವುದಿಲ್ಲ. ಅದನ್ನು ಇಂದೇ ನಿಲ್ಲಿಸಬೇಕು.

ಆಳಂದದ ಮಾಸ್ತರ್
ಲೆಕ್ಕ ಚೆನ್ನಾಗಿದೆ. ಸ್ಕಾಟ್ಲೆಂಡಿನ ಆಂಗಸ್ ಬಾರ್ಬಿಯೆರಿ ಎಂಬವನು 382 ದಿನ ಊಟವಿಲ್ಲದೆ ಇದ್ದನೆಂದು ಹುಡುಗಿ ಹೇಳಿದರೆ ಏನೆನ್ನುವಿರಿ? ಅದು ವೈದ್ಯಕೀಯ ದಾಖಲೆಯಲ್ಲಿದೆ.

ಬೀದರಿನ ವೈದ್ಯೆ
ಇದೆ ಮಾಸ್ತರರೇ, 1965–66ರ ಸಂಗತಿ. ಆತ ಆರಂಭಿಸಿದಾಗ ಇದ್ದ ತೂಕ 207 ಕಿಲೋ, ಮುಗಿಸಿದಾಗ 82. ನೀರು, ಜೀವಸತ್ವಗಳು, ಲವಣಗಳು ವೈದ್ಯರ ನಿಗಾದಲ್ಲಿ ಹೋಗುತ್ತಿದ್ದವು. ಆತ ಗಾಳಿಯ ಮೇಲೆ ಬದುಕಲಿಲ್ಲ, ತನ್ನದೇ 125 ಕಿಲೋ ತೂಕವನ್ನು ಕಳೆದುಕೊಂಡು ಬದುಕಿದ. ತೆಳ್ಳಗಿರುವವರ ಕಥೆ ಬೇರೆ. ಲಾಹೋರ್ ಜೈಲಿನಲ್ಲಿ ಜತೀಂದ್ರನಾಥ ದಾಸ್ 1929ರಲ್ಲಿ 63 ದಿನಗಳ ಉಪವಾಸದ ನಂತರ ತೀರಿಕೊಂಡರು. ಆಂಧ್ರ ರಾಜ್ಯಕ್ಕಾಗಿ ಪೊಟ್ಟಿ ಶ್ರೀರಾಮುಲು 1952ರಲ್ಲಿ 58 ದಿನಕ್ಕೆ ತೀರಿಕೊಂಡರು. ಅವರ ಸಂಕಲ್ಪಬಲ ಯಾವ ಸಾಧಕನಿಗಿಂತ ಕಡಿಮೆಯಿತ್ತು? ನಿಮ್ಮ ಹುಡುಗಿ 49ನೆಯ ದಿನದಲ್ಲಿದ್ದಾಳೆ. ಖರ್ಜೂರಗಳು ಸ್ವಲ್ಪ ತಡೆದಿವೆ, ಅಷ್ಟೇ.

ನನ್ನನ್ನು ಹೆಚ್ಚು ಹೆದರಿಸುವುದು ವೇಲ್ಸಿನ ಸಾರಾ ಜೇಕಬ್ ಎಂಬ ಹನ್ನೆರಡು ವರ್ಷದ ಬಾಲಕಿಯ ಕಥೆ. ಆಕೆ ಏನೂ ತಿನ್ನುವುದಿಲ್ಲವೆಂದು ಸುದ್ದಿಯಾಗಿ ಜನ ಕಾಣಿಕೆ ತಂದು ನೋಡುತ್ತಿದ್ದರು. 1869ರ ಡಿಸೆಂಬರಿನಲ್ಲಿ ಲಂಡನ್ನಿನಿಂದ ದಾದಿಯರು ಬಂದು ಹಗಲಿರುಳು ಕಾವಲು ಕೂತರು. ಗುಟ್ಟಾಗಿ ಸಿಗುತ್ತಿದ್ದದ್ದು ನಿಂತಿತು. ಎಂಟು ದಿನಗಳಲ್ಲಿ ಮಗು ಸತ್ತಿತು. ಬಾಯಿಬಿಟ್ಟು ಬೇಡುವುದಕ್ಕೆ ಆಕೆಗೆ ಸಾಧ್ಯವಾಗಲಿಲ್ಲ, ತಂದೆತಾಯಿಗಳು ಸೋಲನ್ನು ಒಪ್ಪಲಿಲ್ಲ, ಅವರಿಬ್ಬರೂ ಜೈಲಿಗೆ ಹೋದರು. ಆದ್ದರಿಂದ ಪರೀಕ್ಷೆ ಮಾಡಿ ಸುಳ್ಳೆಂದು ತೋರಿಸೋಣ ಎಂಬ ಹಟ ಮನೆಯಲ್ಲಿ ಬೇಡ. ಮಗು ತಲೆ ತಗ್ಗಿಸದೆ ಹಿಂದಿರುಗಲು ಒಂದು ದಾರಿ ಬಿಡಿರಿ.

ಖ್ವಾಜಾ ಬಜಾರ್
ಆ ದಾರಿಯನ್ನು ಶಹಾಪುರದ ಅಣ್ಣ ತೆರೆಯಲಾರರು, ನಾನೂ ತೆರೆಯಲಾರೆ. ಸೇಡಂ ಕಾಕಾ, ಅದು ನಿಮ್ಮ ಕೈಯಲ್ಲಿದೆ.

ಬೆಟ್ಟದ ಭಕ್ತ, ಸೇಡಂ
ಎರಡು ದಿನ ಯೋಚಿಸಿದೆ. ಅಮ್ಮನವರ ಬಗ್ಗೆ ನನ್ನ ನಂಬಿಕೆ ಬದಲಾಗಿಲ್ಲ, ಬದಲಾಗುವುದೂ ಇಲ್ಲ. ಆದರೆ ಮೂವತ್ತು ವರ್ಷಗಳಲ್ಲಿ ಆ ಬೆಟ್ಟದಲ್ಲಿ ನನಗೆ ಊಟ ಬಿಡು ಎಂದವರು ಒಬ್ಬರೂ ಇಲ್ಲ. ಬಿಸಿಲಿನಲ್ಲಿ ಹತ್ತಿ ಹೋದ ನನ್ನ ತಾಯಿಯ ಕೈಗೆ ಸಿಕ್ಕದ್ದು ಪ್ರಸಾದ. ಅದನ್ನು ಕಣ್ಣಿಗೊತ್ತಿಕೊಂಡು ಆಕೆ ಉಂಡಳು. ಅಹಿಂಸೆಗೆ ತಲೆಬಾಗಿದ ಮೇಲೆ ಅದು ನಮ್ಮ ಸ್ವಂತ ದೇಹಕ್ಕೂ ಸಲ್ಲಬೇಕು. ತಂಗಿ, ನಿಮ್ಮ ಅವ್ವನವರ ಜೊತೆ ಮಾತನಾಡಲು ನಾನೂ ನನ್ನ ಹೆಂಡತಿಯೂ ಬರುತ್ತೇವೆ. ನಿಮ್ಮ ಊರಿನ ಹೆಸರನ್ನು ಇಲ್ಲಿ ಬೇಡ, ಖಾಸಗಿ ಸಂದೇಶದಲ್ಲಿ ಕಳಿಸಿರಿ.

ಬಸವಕಲ್ಯಾಣ
ಶರಣು ಕಾಕಾ.

ಕಾಗಿಣಾ ದಂಡೆ
ಒಂಬತ್ತು ದಿನಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ. ಕಾಕಾ ಮತ್ತು ಕಾಕು ಬಂದರು. ಹುಡುಗಿಗೆ ಏನೂ ಹೇಳದೆ ಅವ್ವನ ಪಕ್ಕದಲ್ಲಿ ಕೂತು ಬೆಟ್ಟದ ಹಳೆಯ ದಿನಗಳನ್ನು ಮಾತನಾಡಿದರು. ಕೊನೆಗೆ, “ಅವ್ವಾ, ನೀವು ಉಣ್ಣದಿದ್ದರೆ ಮಗು ಹೇಗೆ ಉಂಡಾಳು?” ಎಂದರು. ಅವ್ವ ನಲವತ್ತು ವರ್ಷಗಳಿಂದ ತಪ್ಪದೆ ಹಿಡಿದ ಸೋಮವಾರದ ಒಪ್ಪತ್ತನ್ನು ಸದ್ಯಕ್ಕೆ ಬಿಟ್ಟಿದ್ದಾಳೆ. ಮರುದಿನ ಹುಡುಗಿ ತಾನಾಗಿಯೇ ಆಸ್ಪತ್ರೆಗೆ ಬರುತ್ತೇನೆ ಎಂದಳು. ಪೊಟ್ಯಾಸಿಯಂ, ಫಾಸ್ಫೇಟ್ ಎರಡೂ ಕಡಿಮೆಯಿದ್ದವು. ಐದು ದಿನ ಇರಿಸಿಕೊಂಡು ಅಳತೆಯಲ್ಲಿ ಆಹಾರ ಕೊಟ್ಟು ಕಳಿಸಿದ್ದಾರೆ. ಚಿತ್ತಾಪುರದ ತಂಗಿ ಬರೆದದ್ದನ್ನು ನಾನು ಓದಿ ಹೇಳಲಿಲ್ಲ. ಮೊಬೈಲನ್ನು ಆಕೆಯ ಕೈಗೆ ಕೊಟ್ಟು ಹೊರಗೆ ಬಂದೆ. ಆಮೇಲೆ ಬಹಳ ಹೊತ್ತು ಅತ್ತಳು. ಕಾಲೇಜಿನ ಒಂದು ವಿಷಯವಿದೆ, ಅದನ್ನು ಇಲ್ಲಿ ಬರೆಯಲಾರೆ.

ಈಗ ದಿನಕ್ಕೆ ಆರು ಸಲ ಜೋಳದ ಅಂಬಲಿ, ಹೆಸರುಬೇಳೆ ಕಟ್ಟು, ಮಜ್ಜಿಗೆ ನಡೆದಿದೆ. ಅವ್ವ ಎದುರಿಗೆ ತನ್ನ ಬಟ್ಟಲನ್ನೂ ಇಟ್ಟುಕೊಂಡು ಕೂತಿರುತ್ತಾಳೆ.

ಬೀದರಿನ ವೈದ್ಯೆ
ಬಹಳ ಸಮಾಧಾನವಾಯಿತು. ಪಾದಗಳಲ್ಲಿ ಬಾವು ಕಂಡರೆ, ಉಸಿರು ಕಟ್ಟಿದರೆ, ಎದೆ ಡವಗುಟ್ಟಿದರೆ ರಾತ್ರಿಯಾದರೂ ಹೊರಡಿರಿ. ಕಣ್ಣಿನ ಪರೀಕ್ಷೆ ಆಯಿತೇ?

ಕಾಗಿಣಾ ದಂಡೆ
ಇನ್ನೂ ಆಗಿಲ್ಲ ಅಕ್ಕಾ. ಬುಧವಾರ ಎರಡನೆಯ ರಕ್ತ ಪರೀಕ್ಷೆಗೆ ಹೋದಾಗ ಕಣ್ಣನ್ನೂ ತೋರಿಸಿಕೊಂಡು ಬಂದು ಇಲ್ಲಿಯೇ ಬರೆಯುತ್ತೇನೆ.